ರೇಡಿಯೇಟರ್ ಪಟ್ಟಿಯ ಏಳು ಬೊಟ್ಟು

ಆ ಕಾರು ನಮ್ಮ ಶೆಡ್ಡಿಗೆ ಬಂದದ್ದು ಜುಲೈ ಕೊನೆಯ ವಾರ. ಎರಡೇ ಬಾಗಿಲು, ಉದ್ದ ಮೂತಿ, ಹೊಟ್ಟೆಬಾಕ ಇಂಜಿನ್ನಿನ ಹಳೆಯ ಅಮೆರಿಕನ್ ಕಾರು. ಮಸಲ್ ಕಾರ್ ಅನ್ನುತ್ತಾರಲ್ಲ, ಅದು. ಟೋ ಲಾರಿಯಿಂದ ಇಳಿಸುವಾಗ ಅದರ ಮೈಮೇಲಿನ ಧೂಳು ನನ್ನ ಬಾಯಿಗೇ ಬಂತು. ನಲವತ್ತು ವರ್ಷ ಒಂದೇ ಗ್ಯಾರೇಜಿನಲ್ಲಿ ಕದಲದೆ ನಿಂತಿತ್ತಂತೆ. ಬಾನೆಟ್ ಎತ್ತಿ ಟಾರ್ಚ್ ಬಿಟ್ಟು ನೋಡಿದೆ. ಯಾರೂ ಕೈ ಹಾಕಿರಲಿಲ್ಲ! ಜಿಡ್ಡಿನ ಕೆಳಗೆ ಫ್ಯಾಕ್ಟರಿಯಲ್ಲಿ ಹಚ್ಚಿದ ಬಣ್ಣ, ಕೊಟ್ಟ ಲೇಪ ಎಲ್ಲಾ ಹಾಗೆಯೇ ಇತ್ತು. ನನ್ನ ಕಸುಬಿನವನಿಗೆ ಇದಕ್ಕಿಂತ ದೊಡ್ಡ ಹಬ್ಬದೂಟ ಇಲ್ಲ.

ಕಸುಬು ಏನೆಂದು ಹೇಳಿಬಿಡುತ್ತೇನೆ, ಇಲ್ಲವಾದರೆ ಮುಂದಿನದ್ದು ಅರ್ಥವಾಗದು. ದೋಹಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮದೊಂದು ಶೆಡ್ಡು. ಅಲ್ಲಿ ಹಳೆಯ ಕಾರುಗಳನ್ನು ಮತ್ತೆ ಹೊಸದು ಮಾಡುತ್ತೇವೆ. ಹೊಸದು ಅಂದರೆ ಫಳಫಳ ಹೊಳೆಯಬೇಕೆಂದಲ್ಲ. ಫ್ಯಾಕ್ಟರಿಯಿಂದ ಹೊರಬಿದ್ದ ದಿನ ಪ್ರತಿ ನಟ್ಟು ಬೋಲ್ಟು ಹೇಗಿತ್ತೋ ಹಾಗೆ ಕಾಣಬೇಕು. ಬಾನೆಟ್ಟಿನ ಕೀಲು ಬೂದುಗಪ್ಪು, ಬ್ರೇಕ್ ಬೂಸ್ಟರ್ ಬಂಗಾರದ ಹಳದಿ, ಸ್ಟೀರಿಂಗ್ ಪೆಟ್ಟಿಗೆ ಬರಿಯ ಕಬ್ಬಿಣದ ಬಣ್ಣ. ಅಂದು ಅಲ್ಲಿ ಲೈನಿನಲ್ಲಿ ನಿಂತ ಕೆಲಸಗಾರ ಯಾರೋ ‘ನೋಡಿ ಆಯ್ತು, ಮುಂದೆ ಹೋಗಲಿ’ ಎಂದು ಅವಸರದಲ್ಲಿ ಹಚ್ಚಿದ ಹಳದಿ ಗುರುತು, ಪೇಂಟ್ ಸೋರಿ ಇಳಿದ ಹನಿ, ಇವನ್ನೂ ಹಾಗೆಯೇ ಮಾಡಬೇಕು. ಅವರ ತಪ್ಪನ್ನು ತಪ್ಪದೆ ಮಾಡಿದರೆ ನಮಗೆ ಶಭಾಸ್‌ಗಿರಿ. ಮಂಗಳೂರಿನಲ್ಲಿ ಇಗರ್ಜಿಯ ಮೇಣದಬತ್ತಿ ಸ್ಟ್ಯಾಂಡುಗಳಿಗೆ ನಿಕ್ಕಲ್ ಕೊಡುತ್ತಿದ್ದವನು ನಾನು. ಈಗ ಅಮೆರಿಕದವರ ಅವಸರವನ್ನು ನಿಧಾನವಾಗಿ ನಕಲು ಮಾಡುತ್ತೇನೆ. ಇದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬವೂ ಉಂಟು. ಆ ಜಂಬವೇ ನನ್ನನ್ನು ಹೊಂಡಕ್ಕೆ ಹಾಕಿತು.

ಕಾರಿನ ಒಡೆಯ ಒಬ್ಬ ಕತಾರಿ. ಮೆಸಯೀದಿನ ಪ್ಲಾಂಟಿನಲ್ಲಿ ಇಂಜಿನಿಯರ್, ಮನೆ ಅಲ್ ವುಕೈರ್ ಕಡೆ. ಕಾರು ತಂದೆಯದು. ಇವನು ಕೈಗೂಸಾಗಿದ್ದಾಗಲೇ ತಂದೆ ತೀರಿಹೋದರಂತೆ. ಅವರ ಮುಖ ಇವನಿಗೆ ಫೋಟೋದಲ್ಲಿ ಮಾತ್ರ ಗೊತ್ತು. ತಾಯಿ ಕಾರನ್ನು ಮಾರಲೂ ಬಿಡಲಿಲ್ಲ, ಓಡಿಸಲೂ ಬಿಡಲಿಲ್ಲ.

“ಡಿಸೆಂಬರಿಗೆ ಮುಗಿಯಬೇಕು,” ಎಂದ. ಇಂಗ್ಲಿಷಿಗೆ ಹಿಂದಿ ಬೆರೆಸಿ ನಮ್ಮ ಮಾತು. “ಹಳೆಯ ಕಾರುಗಳದ್ದೊಂದು ಶೋ ಇದೆ, ಅಲ್ಲಿಗೆ ಒಯ್ಯುತ್ತೇನೆ. ಆದರೆ ಶೋ ಆಮೇಲಿನ ಮಾತು. ಅಮ್ಮನ ಕಣ್ಣು ಹೋಗುತ್ತಾ ಇದೆ. ಈಗಲೇ ನೆರಳು ಬೆಳಕು ಅಷ್ಟೇ. ಈ ಚಳಿಗಾಲ ಅವರನ್ನು ಇದರಲ್ಲಿ ಕೂರಿಸಿಕೊಂಡು ಸೀಲೈನಿನ ಕಡಲತೀರದ ಮರಳಿಗೆ ಹೋಗಬೇಕು. ಮುಂದಿನ ಚಳಿಗಾಲಕ್ಕೆ ಅದೂ ಉಳಿಯುವುದಿಲ್ಲ.”

“ಆಗುತ್ತದೆ,” ಎಂದೆ.

“ಇನ್ಶಾ ಅಲ್ಲಾ ಹೇಳಿ, ಮಾಸ್ಟರ್,” ಎಂದು ನಕ್ಕ. ಹೇಳಿದೆ.

ಬಿಚ್ಚುವ ಮೊದಲು ಪ್ರತಿ ಭಾಗಕ್ಕೂ ಆರು ಕಡೆಯಿಂದ ಫೋಟೋ. ಆಮೇಲೆ ಮೆತ್ತನೆಯ ಬ್ರಶ್ಶಿನಿಂದ ಜಿಡ್ಡು ತೆಗೆಯುವುದು. ಇಲ್ಲಿ ಗಡಿಬಿಡಿ ಮಾಡಿದರೆ ಜಿಡ್ಡಿನ ಜೊತೆ ಸಾಕ್ಷಿಯೂ ಹೋಗುತ್ತದೆ. ಕೆಳಗೆ ಸಿಕ್ಕ ಬಣ್ಣ, ಗುರುತು, ಅದರ ಅಳತೆ ಎಲ್ಲಾ ಪುಸ್ತಕಕ್ಕೆ ಏರಬೇಕು. ನಾನೇ ಮಾಡಿದ ಒಂದು ನಿಯಮ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಉಂಟು: ಗೊತ್ತಿಲ್ಲದ ಗುರುತನ್ನು ಒಡೆಯನನ್ನು ಕೇಳದೆ ಅಳಿಸಬಾರದು. ಹೊಸಬರು ಯಾರು ಬಂದರೂ ಮೊದಲ ದಿನ ಅದನ್ನು ಜೋರಾಗಿ ಓದಿಸುತ್ತೇನೆ.

ರೇಡಿಯೇಟರನ್ನು ಹಿಡಿದುಕೊಳ್ಳುವ ಮುಂದಿನ ಕಪ್ಪು ಪಟ್ಟಿಯ ಮೇಲೆ, ಬಲಗಡೆಗೆ, ಏಳು ಬಿಳಿ ಬೊಟ್ಟು ಸಿಕ್ಕಿದವು. ದಪ್ಪ ಎಣ್ಣೆ ಪೇಂಟು, ಬ್ರಶ್ಶಿನಲ್ಲಿ ಇಟ್ಟದ್ದು. ಫೋಟೋ ತೆಗೆದೆ. ಪುಸ್ತಕದಲ್ಲಿ ‘ಬಿಳಿ ಬೊಟ್ಟು ಏಳು, ಕೇಳಬೇಕು’ ಎಂದು ಬರೆದೆ. ಬಾನೆಟ್ಟಿನ ಎಡ ಕೀಲಿನ ಒಳಮೈಯಲ್ಲೂ ಏನೋ ಬಿಳಿ ಕಲೆ ಕಂಡಿತ್ತು. ಅದಕ್ಕೆ ‘ಹಕ್ಕಿ ಹಿಕ್ಕೆ’ ಎಂದು ಬರೆದೆ. ಕೀಲು, ಸ್ಪ್ರಿಂಗು ಎಲ್ಲಾ ಒಟ್ಟಿಗೆ ಬೂದುಗಪ್ಪು ಬರಿಸುವ ಫಾಸ್ಫೇಟಿನ ಬಿಸಿ ಆಸಿಡ್ ತೊಟ್ಟಿಗೆ ಹಾಕುವುದೆಂದು ಕೊನೆಗೆ ಉಳಿಸಿ ಚೀಲದಲ್ಲಿ ಕಟ್ಟಿಟ್ಟೆ.

ಆಗಸ್ಟಿನಲ್ಲಿ ಬ್ರೇಕ್ ಬೂಸ್ಟರ್ ನನ್ನ ಜೀವ ತಿಂದಿತು. ಅದಕ್ಕೆ ಮೊದಲು ಸತುವಿನ ಲೇಪ ಕೊಟ್ಟು, ಆಮೇಲೆ ಹಳದಿ ಕ್ರೋಮೇಟ್ ದ್ರಾವಣದಲ್ಲಿ ಕೆಲವೇ ಸೆಕೆಂಡು ಅದ್ದಬೇಕು. ಎತ್ತಿದಾಗ ಬಂಗಾರದ ಮೇಲೆ ಹಸಿರು, ಗುಲಾಬಿ ಓಡಾಡಬೇಕು, ಮಳೆನೀರಿನ ಮೇಲೆ ಪೆಟ್ರೋಲ್ ಚೆಲ್ಲಿದ ಹಾಗೆ. ದ್ರಾವಣ ಕೋಣೆಯ ಉಷ್ಣತೆಯಲ್ಲಿರಬೇಕು ಎನ್ನುತ್ತದೆ ಡಬ್ಬಿಯ ಮೇಲಿನ ಚೀಟಿ. ಯಾವ ಊರಿನ ಕೋಣೆ ಮಾರಾಯ? ನಮ್ಮ ಶೆಡ್ಡಿನ ಕೋಣೆಯಲ್ಲಿ ಮೊಟ್ಟೆ ಬೇಯುತ್ತದೆ! ಮೊದಲ ಸಲ ಕಂದು ಬಂತು. ಎರಡನೇ ಸಲವೂ ಕಂದು, ಮೇಲಿಂದ ಬೆರಳಿಗೆ ಹುಡಿ ಹುಡಿ ಹತ್ತಿತು. ಆಸಿಡ್ಡಿನಲ್ಲಿ ಕಳಚಿ ಮತ್ತೆ ಸತು, ಮತ್ತೆ ಕಂದು. ನಾಲ್ಕನೇ ಸಲ ಮೀನಿನಂಗಡಿಯಿಂದ ಎರಡು ಪೆಟ್ಟಿಗೆ ಐಸು ತಂದು ತೊಟ್ಟಿಯ ಸುತ್ತ ಸುರಿದು, ಬೆಳಿಗ್ಗೆ ಐದಕ್ಕೇ ಬಂದು ಅದ್ದಿದೆ. ಬಂತು ನೋಡಿ ಬಣ್ಣ! ಶೆಡ್ಡಿಗೆ ಎರಡು ದಿನ ಬಂಗುಡೆಯ ವಾಸನೆ ಇತ್ತು, ಅದು ಬೇರೆ ಮಾತು.

ಇನ್ನೊಂದು ಕಾಟ ಸಮುದ್ರದ ಗಾಳಿಯದು. ನಳಿಕೆಯಿಂದ ಸಣ್ಣ ಗಾಜಿನ ಮಣಿ ರಭಸಕ್ಕೆ ಊದಿ ಹಳೆಯ ಬಣ್ಣ ಕಿತ್ತ ಕಬ್ಬಿಣ ಆ ತೇವದಲ್ಲಿ ಹತ್ತು ನಿಮಿಷ ನಿಂತರೆ ಕೇಸರಿ ತುಕ್ಕು ಹಿಡಿಯುತ್ತದೆ. ಹಾಗಾಗಿ ಒಣಗಾಳಿ ಬೀಸುವ ದಿನಕ್ಕೆ ಕಾಯುತ್ತಿದ್ದೆವು. ಅಂಥ ಒಂದು ದಿನ ಸಿಕ್ಕಿತು. ದೊಡ್ಡ ಭಾಗಗಳನ್ನೆಲ್ಲ ಸಾಲಾಗಿ ಇಟ್ಟು ಒಂದೊಂದೇ ಊದುತ್ತಾ ಬಂದೆ. ರೇಡಿಯೇಟರ್ ಪಟ್ಟಿಯ ಸರದಿ ಬಂದಾಗ ಪುಸ್ತಕ ನೋಡಿದೆ. ‘ಕೇಳಬೇಕು.’ ಫೋನ್ ಮಾಡಿದೆ. ಒಡೆಯ ಪ್ಲಾಂಟಿನ ಒಳಗಿದ್ದ, ಅಲ್ಲಿ ಫೋನ್ ಒಯ್ಯುವಂತಿಲ್ಲ. ಗಾಳಿ ತಿರುಗುವ ಹೊತ್ತಾಗುತ್ತಿತ್ತು. ಬೊಟ್ಟುಗಳನ್ನು ಇನ್ನೊಮ್ಮೆ ನೋಡಿದೆ. ಫ್ಯಾಕ್ಟರಿಯವರು ಇಂಥ ಜಾಗದಲ್ಲಿ ಹೀಗೆ ಸಾಲು ಬಿಳಿ ಬೊಟ್ಟು ಇಡುವುದಿಲ್ಲ, ನನಗೆ ಗೊತ್ತಿಲ್ಲವಾ? ಯಾರೋ ಗ್ಯಾರೇಜಿನವನು ಬ್ರಶ್ ಒರೆಸಿದ್ದು. ‘ಕೇಳಬೇಕು’ ಎಂಬುದರ ಮೇಲೆ ಗೀಟು ಹಾಕಿ ನಳಿಕೆ ಹಿಡಿದೆ. ಏಳೂ ಹೋಗಲು ಅರ್ಧ ನಿಮಿಷ ಹಿಡಿಯಲಿಲ್ಲ. ಸಂಜೆಗೆ ಪಟ್ಟಿಗೆ ಮಂದ ಹೊಳಪಿನ ಕಪ್ಪು ಬಣ್ಣ ಹೊಡೆದು ಮುಗಿಸಿ, ನನ್ನ ಕೈಗೆ ನಾನೇ ಶಹಬ್ಬಾಸ್ ಕೊಟ್ಟುಕೊಂಡೆ.

ಮೂರು ವಾರದ ಮೇಲೆ ಒಂದು ಸೋಮವಾರ ಕಾರಿನ ಒಡೆಯನ ಫೋನ್ ಬಂತು.

“ಮಾಸ್ಟರ್, ಒಂದು ವಿಷಯ ನನಗೆ ನಿನ್ನೆ ಗೊತ್ತಾಯಿತು,” ಎಂದ. ದನಿಯಲ್ಲಿ ಸಂತೋಷ ಇತ್ತು. “ಅಪ್ಪ ಪ್ರತಿ ಚಳಿಗಾಲ ಅಮ್ಮನನ್ನು ಸೀಲೈನಿಗೆ ಕರೆದುಕೊಂಡು ಹೋಗ್ತಿದ್ದರಂತೆ, ಟೆಂಟ್ ಹಾಕಲಿಕ್ಕೆ. ಹೊರಡುವ ಮೊದಲು ಬಾನೆಟ್ ತೆಗೆದು ನೀರು, ಆಯಿಲ್ ನೋಡಿ, ಮುಂದಿನ ಪಟ್ಟಿಯ ಮೇಲೆ ಒಂದು ಬಿಳಿ ಬೊಟ್ಟು ಇಡುವುದು. ಮದುವೆಯಾದ ಮೇಲೆ ಒಂದು ಚಳಿಗಾಲಕ್ಕೆ ಒಂದು ಬೊಟ್ಟು. ಅಮ್ಮನಿಗೆ ಅದನ್ನು ಮುಟ್ಟಿ ನೋಡಬೇಕಂತೆ. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಸಿಗುತ್ತದಲ್ಲ ಅಂತಾರೆ. ಗುರುವಾರ ಕರೆದುಕೊಂಡು ಬರುತ್ತೇನೆ. ಇದೆಯಲ್ಲ ಅದು?”

“ಬನ್ನಿ,” ಎಂದೆ. ಫೋನ್ ಇಟ್ಟು ತಲೆ ಎತ್ತಿದೆ. ನನ್ನದೇ ನಿಯಮ ಎದುರಿನ ಗೋಡೆಯಲ್ಲಿತ್ತು.

ನಮ್ಮ ಶೆಡ್ಡಿನ ಪೇಂಟರ್ ಉಳ್ಳಾಲ ಕಡೆಯವರು, ಬ್ಯಾರಿ. ಹದಿನೆಂಟು ವರ್ಷದ ಜೊತೆ. ನನ್ನ ಮುಖ ನೋಡಿಯೇ ಸ್ಪ್ರೇ ಗನ್ ಕೆಳಗಿಟ್ಟರು.

“ಎಂತ ಆಯ್ತು ಮಾರಾಯ್ರೇ? ಊರಿಂದ ಫೋನಾ?”

ಹೇಳಿದೆ. ಅವರು ತಲೆ ಕೆರೆದುಕೊಂಡರು.

“ಫೋಟೋ ಉಂಟಲ್ಲ ನಿಮ್ಮತ್ರ?”

“ಉಂಟು. ಆರು.”

“ಮತ್ತೆಂತ? ಇಟ್ಟುಬಿಡಿ. ಎಲ್ಲೋ ಅಮೆರಿಕದಲ್ಲಿ ಯಾವನೋ ಇಟ್ಟ ಹಳದಿ ಬೊಟ್ಟನ್ನು ನೀವು ದಿನಾ ಇಡುದಿಲ್ವಾ? ಶೋದ ಜಡ್ಜಿಗೇ ಗೊತ್ತಾಗುದಿಲ್ಲ. ಈ ಅಮ್ಮನಿಗೆ ಕಣ್ಣೂ ಕಾಣುದಿಲ್ಲ ಅಂತೀರಿ. ಅವರಿಗೆ ಖುಷಿ, ನಿಮಗೂ ಮಾನ ಉಳೀತು. ಖಲಾಸ್.”

ಮಾತು ಸರಿ ಅನಿಸಿತು. ಸುಳ್ಳು ಯಾಕೆ ಹೇಳಲಿ, ಬಹಳ ಸರಿ ಅನಿಸಿತು. ಒಬ್ಬ ಮುದುಕಿಯ ಮನಸ್ಸು ಮುರಿಯುವುದಕ್ಕಿಂತ ಏಳು ಹನಿ ಪೇಂಟು ಒಳ್ಳೆಯದಲ್ಲವೇ? ಒಂದು ತಗಡಿಗೆ ಅದೇ ಕಪ್ಪು ಹೊಡೆದೆ. ಹಳೆಯ ಕಾಲದ ಎಣ್ಣೆ ಪೇಂಟು ಹುಡುಕಿ, ಒಂದು ಹನಿ ಹಳದಿ ಸೇರಿಸಿ ಬಿಳಿಯ ಮುಖ ಸ್ವಲ್ಪ ಬಾಡಿಸಿದೆ. ಫೋಟೋ ಪಕ್ಕದಲ್ಲಿಟ್ಟು ಭೂತಗನ್ನಡಿಯಲ್ಲಿ ನೋಡುತ್ತಾ ಏಳು ಬೊಟ್ಟು ಇಟ್ಟೆ. ಮೂರನೆಯದಕ್ಕೆ ಒಂದು ಬಾಲ ಇತ್ತು, ಆ ಬಾಲವನ್ನೂ ಎಳೆದೆ. ಮರುದಿನ ಒಣಗಿದ ಮೇಲೆ ಪೇಂಟರಿಗೆ ತೋರಿಸಿದೆ. ಅವರು ಒಮ್ಮೆ ಫೋಟೋ, ಒಮ್ಮೆ ತಗಡು ನೋಡಿ, “ನಿಮ್ಮ ಕೈಗೆ ಚಿನ್ನದ ಕಡಗ ಹಾಕಬೇಕು,” ಎಂದರು. ಬುಧವಾರ ಬೆಳಿಗ್ಗೆ ಪಟ್ಟಿಯ ಮೇಲೆ ಇಟ್ಟರೆ ಗುರುವಾರಕ್ಕೆ ಒಣಗುತ್ತದೆ ಎಂದು ಲೆಕ್ಕ ಹಾಕಿ ಮನೆಗೆ ಹೋದೆ.

ಓಲ್ಡ್ ಏರ್‌ಪೋರ್ಟಿನ ನನ್ನ ಫ್ಲಾಟಿನ ಅಡುಗೆ ಕಪಾಟಿನಲ್ಲಿ ಒಂದು ಖಾಲಿ ಡಬ್ಬಿ ಇದೆ. ನನ್ನ ಶೆಡ್ಡಿನ ಮಾಸ್ಕಿಂಗ್ ಟೇಪು ಹರಿದು ಅಂಟಿಸಿ ಅದರ ಮೇಲೆ ನನ್ನ ಹೆಂಡತಿ ‘ಬಫಾತ್ ಹುಡಿ’ ಎಂದು ಬರೆದಿದ್ದಾಳೆ. ನಮ್ಮ ಮನೆಯಲ್ಲಿ ಕೋಳಿಗಾಗಲಿ ಕುರಿಗಾಗಲಿ ಆ ಮಸಾಲೆ ಇಲ್ಲದೆ ಭಾನುವಾರ ಇಲ್ಲ. ಅವಳು ತೀರಿಹೋಗಿ ಮೂರು ವರ್ಷ. ಹುಡಿ ಅದೇ ವರ್ಷ ಮುಗಿಯಿತು. ಆಮೇಲೆ ಊರಿಂದ ಅಕ್ಕ ಕಳಿಸುವ ಹುಡಿಯನ್ನು ಪ್ಯಾಕೆಟ್ಟಿನಿಂದಲೇ ತೆಗೆದು ಬಳಸುತ್ತೇನೆ. ಡಬ್ಬಿಗೆ ತುಂಬಿಸಿದರೆ ಅದನ್ನು ಮುಟ್ಟಬೇಕು, ತೊಳೆಯಬೇಕು, ಟೇಪು ಕಿತ್ತುಹೋಗುತ್ತದೆ ಎಂಬ ಹೆದರಿಕೆ. ಆ ಸಂಜೆ ಅಡುಗೆಗೆಂದು ಕಪಾಟು ತೆರೆದಾಗ ಟೇಪಿನ ಒಂದು ಮೂಲೆ ಎದ್ದಿತ್ತು.

ಕೈ ಸುಮ್ಮನಿರಲಿಲ್ಲ. ಹೊಸ ಟೇಪು ತುಂಡು ಮಾಡಿ ಪೆನ್ನು ಹಿಡಿದೆ. ಅವಳ ಅಕ್ಷರ ನನಗೆ ಬಾರದ್ದಲ್ಲ. ಅವಳ ‘ಬ’ ಸ್ವಲ್ಪ ಹೊಟ್ಟೆ ದೊಡ್ಡದು, ‘ಹು’ವಿನ ಕೊಂಬು ಕೆಳಗೆ ಜಾರುತ್ತದೆ. ‘ಬ’ ಬರೆದೆ. ಅವಳದೇ ‘ಬ’! ಮುಂದೆ ನನ್ನ ಕಣ್ಣೂ ಹೋಗಿ, ಒಂದು ದಿನ ನಾನು ಇದರ ಮೇಲೆ ಬೆರಳಾಡಿಸುತ್ತಾ ಇದು ಅವಳದೇ ಎಂದು ಕೂತಿದ್ದರೆ, ಬರೆದವನು ಇನ್ಯಾವನೋ ಆಗಿದ್ದರೆ? ಆ ಟೇಪನ್ನು ಮುದ್ದೆ ಮಾಡಿ ಎಸೆದೆ. ನನಗೆ ಅವಳು ಬೇಕಿತ್ತು, ಅವಳ ಹಾಗೆ ಬರೆಯುವವನು ಬೇಕಿರಲಿಲ್ಲ. ಅಮೆರಿಕದ ಆ ಕೆಲಸಗಾರನ ಹೆಂಡತಿ ಬಂದು ಹಳದಿ ಬೊಟ್ಟಿನ ಮೇಲೆ ಕೈಯಿಡುವುದಿಲ್ಲ. ಇಲ್ಲಿ ಒಬ್ಬರು ಇಡಲೆಂದೇ ಬರುತ್ತಿದ್ದಾರೆ. ಬುಧವಾರ ನಾನು ಪಟ್ಟಿಯನ್ನು ಮುಟ್ಟಲಿಲ್ಲ.

ಗುರುವಾರ ಸಂಜೆ ನಾಲ್ಕಕ್ಕೆ ಬಂದರು. ಕಪ್ಪು ಅಬಾಯ, ಒಂದು ಕೈಯಲ್ಲಿ ಕೋಲು, ಇನ್ನೊಂದು ಮಗನ ಭುಜದ ಮೇಲೆ. ಹಿರಿಯ ಹೆಂಗಸರನ್ನು ಇಲ್ಲಿ ನಾವು ಮಾಮಾ ಎನ್ನುತ್ತೇವೆ. ಹಳೆಯ ಕಾಲದವರಾದ್ದರಿಂದ ಅವರಿಗೆ ಹಿಂದಿ ಸಾಕಷ್ಟು ಬರುತ್ತಿತ್ತು. ಕುರ್ಚಿಯಲ್ಲಿ ಕೂರಿಸಿದೆ. ಪಟ್ಟಿ ಎದುರಿನ ಮೇಜಿನ ಮೇಲಿತ್ತು.

“ಕಿಧರ್?” ಎಂದು ಕೇಳುತ್ತಾ ಕೈ ಮುಂದೆ ಚಾಚಿದರು. ನಗುತ್ತಿದ್ದರು.

“ಮಾಮಾ, ಬೊಟ್ಟು ಇಲ್ಲ,” ಎಂದೆ. “ನಾನು ಅಳಿಸಿದೆ. ಕೇಳದೆ ಅಳಿಸಿದೆ. ಫ್ಯಾಕ್ಟರಿಯದ್ದಲ್ಲ, ಬೇಡದ್ದು ಅಂತ ತಿಳಿದೆ. ತಪ್ಪು ನನ್ನದು.”

“ವಾಟ್?” ಎಂದು ಮಗ ಒಂದು ಹೆಜ್ಜೆ ಮುಂದೆ ಬಂದ. ಅವರು ಕೋಲೆತ್ತಿ ಅವನನ್ನು ತಡೆದರು. ಆಮೇಲೂ ಕೈಯನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ಪಟ್ಟಿಯನ್ನು ಹುಡುಕಿ, ಬಲತುದಿಯಿಂದ ಎಡಕ್ಕೆ, ಎಡದಿಂದ ಬಲಕ್ಕೆ ಒಮ್ಮೆ ಬೆರಳು ಎಳೆದರು. ನಾನು ಹೊಡೆದ ಬಣ್ಣ ಅಷ್ಟು ನುಣುಪಾಗಿದ್ದದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಅವರು ಕೈಯನ್ನು ಮಡಿಲಿಗೆ ತಂದುಕೊಂಡರು.

“ನನಗೆ ಕಾಣುವುದಿಲ್ಲ,” ಎಂದರು. “ನೀನು ಬಣ್ಣದವನು. ಮತ್ತೆ ಇಡಬಹುದಿತ್ತಲ್ಲ?”

“ಇಟ್ಟು ನೋಡಿದೆ ಮಾಮಾ. ಬೇರೆ ತಗಡಿನ ಮೇಲೆ.”

“ಕೊಡು ಇಲ್ಲಿ.”

ಡ್ರಾಯರಿನಿಂದ ತೆಗೆದುಕೊಟ್ಟೆ. ತೋರುಬೆರಳನ್ನು ಮೊದಲ ಬೊಟ್ಟಿನ ಮೇಲಿಟ್ಟರು, ಎರಡನೆಯದಕ್ಕೆ ಹೋದರು, ಮೂರನೆಯದಕ್ಕೆ ಬರುವಾಗ ತಲೆಗೆ ಹೊದ್ದ ಶೈಲಾದ ಅಂಚನ್ನು ಬಾಯಿಗೆ ಅಡ್ಡ ಹಿಡಿದು ನಗತೊಡಗಿದರು.

“ಇದು ಅವರದಲ್ಲ! ಎಲ್ಲಾ ಒಂದೇ ದಪ್ಪ. ಆ ಮನುಷ್ಯನಿಗೆ ಇಷ್ಟು ತಾಳ್ಮೆ ಎಲ್ಲಿತ್ತು? ಒಂದು ಗುಡ್ಡ, ಒಂದು ಗುಳಿ. ಯಲ್ಲಾ ಯಲ್ಲಾ ಅನ್ನುತ್ತಲೇ ಇಡುತ್ತಿದ್ದರು, ನಾನು ಕೂರುವ ಮೊದಲೇ ಹಾರ್ನ್ ಹೊಡೆಯುತ್ತಿದ್ದರು.”

ನನ್ನ ಆರು ಫೋಟೋದಲ್ಲಿ ಎಲ್ಲೂ ಬೊಟ್ಟಿನ ದಪ್ಪ ಕಾಣುತ್ತಿರಲಿಲ್ಲ. ಇಟ್ಟಿದ್ದರೆ ಮೊದಲ ಬೆರಳಿಗೇ ಸಿಕ್ಕಿಬೀಳುತ್ತಿದ್ದೆ. ಅವರ ನಗು ಹಾಗೆಯೇ ಅಳುವಾಯಿತು. ಮಗ ನೆಲಕ್ಕೆ ಕೂತು ಅವರ ಮೊಣಕಾಲು ಹಿಡಿದುಕೊಂಡ. ನಾನು ಎಲ್ಲಿ ನೋಡಬೇಕೋ ತಿಳಿಯದೆ ಬ್ರೇಕ್ ಬೂಸ್ಟರ್ ನೋಡುತ್ತಾ ನಿಂತೆ.

“ನೀನು ಎಷ್ಟು ಅಳಿಸಿದೆ?” ಎಂದು ಕಣ್ಣೊರೆಸಿಕೊಂಡು ಕೇಳಿದರು.

“ಏಳು.”

“ಎಂಟು ಇತ್ತು.”

“ಏಳೇ ಮಾಮಾ. ಪುಸ್ತಕದಲ್ಲಿ ಉಂಟು.”

“ಎಂಟನೆಯದು ನಾನು ಇಟ್ಟದ್ದು. ಆ ಚಳಿಗಾಲ ಅವರು ಆಸ್ಪತ್ರೆಯಿಂದ ಏಳಲಿಲ್ಲ. ಕಾರು ಎಲ್ಲಿಗೂ ಹೋಗಲಿಲ್ಲ. ಮಲಗಿದಲ್ಲಿಂದ ದಿನಾ ಕೇಳುತ್ತಿದ್ದರು, ಬೊಟ್ಟು ಇಟ್ಟೆಯಾ ಅಂತ. ಇಟ್ಟೆ ಅಂತ ಹೇಳಿದ್ದರೆ ಆಗುತ್ತಿತ್ತು. ಅವರೇನು ಎದ್ದು ಬಂದು ನೋಡುತ್ತಿದ್ದರೇ? ಆದರೆ ಆ ಹೊತ್ತಿನಲ್ಲಿ ಅವರಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಒಬ್ಬಳೇ ಗ್ಯಾರೇಜಿಗೆ ಹೋದೆ. ಕತ್ತಲೆ. ಬಾನೆಟ್ ಎತ್ತಿ ಹಿಡಿಯಲಿಕ್ಕೇ ಒಂದು ಕೈ ಬೇಕಿತ್ತು. ಇನ್ನೊಂದು ಕೈ ಎಲ್ಲಿಗೆ ಎಟುಕಿತೋ ಅಲ್ಲಿ ಇಟ್ಟು ಬಂದೆ.”

ಹಕ್ಕಿ ಹಿಕ್ಕೆ! ಓಡಿಹೋಗಿ ಚೀಲದ ಬಾಯಿ ಹರಿದೆ. ಎಡ ಕೀಲು ಕೈಗೆ ಬಂತು. ಒಳಮೈಯಲ್ಲಿ, ಜಿಡ್ಡಿನ ಮಧ್ಯೆ, ಉಗುರಿನಷ್ಟು ಬಿಳಿ. ಅದನ್ನು ಆಸಿಡ್ಡಿಗೆ ಅದ್ದುವುದೆಂದು ಮಾಡಿದ್ದು ಶನಿವಾರಕ್ಕೆ. ತಂದು ಅವರ ಅಂಗೈಗೆ ಇಟ್ಟೆ. ಹೇಳಿಕೊಡಬೇಕಾಗಲಿಲ್ಲ. ಹೆಬ್ಬೆರಳು ತಾನೇ ಹೋಗಿ ಅಲ್ಲಿ ನಿಂತಿತು. ಅವರು ಅರಬಿಯಲ್ಲಿ ಏನೋ ಹೇಳಿದರು, ಮಗನಿಗೂ ಅಲ್ಲ, ನನಗೂ ಅಲ್ಲ.

“ಇದನ್ನು ಹೀಗೇ ಇಡುತ್ತೇನೆ,” ಎಂದೆ ಮಗನಿಗೆ. “ಗಾಜಿನ ಪೆಟ್ಟಿಗೆ ಮಾಡಿಸುತ್ತೇನೆ. ಕಾರಿಗೆ ಬೇರೆ ಕೀಲು ಹುಡುಕೋಣ.”

“ಪೆಟ್ಟಿಗೆ ಯಾಕೆ?” ಎಂದರು ಮಾಮಾ. “ಕಾರಿಗೇ ಹಾಕು.”

“ಬಾನೆಟ್ ತೆಗೆದು ಮುಚ್ಚುವಾಗ ಸವೆಯುತ್ತದೆ ಮಾಮಾ.”

“ಸವೆಯಲಿ. ಇಷ್ಟು ವರ್ಷ ಕಾರಿಗೆ ಕೈ ಹಾಕಲು ಯಾರಿಗೂ ಬಿಡಲಿಲ್ಲ ನಾನು. ಏನು ಉಳಿಯಿತು? ನೀನು ಬಂದು ಅಳಿಸಿದೆ,” ಎಂದು ಕೋಲಿನಿಂದ ನನ್ನ ಕಾಲಿಗೆ ಮೆಲ್ಲಗೆ ಒಂದು ಕೊಟ್ಟರು. ಆ ಪೆಟ್ಟಿಗಾಗಿ ನಾನು ಸೋಮವಾರದಿಂದ ಕಾಯುತ್ತಿದ್ದೆ ಅನಿಸಿತು.

ಬಲ ಕೀಲು, ಸ್ಪ್ರಿಂಗುಗಳು ಫಾಸ್ಫೇಟಿಗೆ ಹೋಗಿ ಬೂದುಗಪ್ಪಾಗಿ ಬಂದವು. ಎಡ ಕೀಲಿನ ಜಿಡ್ಡನ್ನು ಮಾತ್ರ ಬೊಟ್ಟು ಬಿಟ್ಟು ಒರೆಸಿ, ತೆಳ್ಳಗೆ ಎಣ್ಣೆ ಹಚ್ಚಿ ಕೂರಿಸಿದೆ. ಶೋದಲ್ಲಿ ಜಡ್ಜು ಟಾರ್ಚ್ ಬಿಟ್ಟು ನೋಡಿ ಅಲ್ಲೇ ಗುರುತು ಹಾಕಿದನಂತೆ: ಎಡ ಕೀಲು, ಫ್ಯಾಕ್ಟರಿ ಫಿನಿಶ್ ಇಲ್ಲ, ಬಿಳಿ ಪೇಂಟು. ಅಂಕ ಕಡಿತ. ಹದಿನೆಂಟು ವರ್ಷದಲ್ಲಿ ನನ್ನ ಕೆಲಸಕ್ಕೆ ಬಿದ್ದ ಮೊದಲ ಕಡಿತ. ಆ ಹಾಳೆಯನ್ನು ಮಗ ಫೋಟೋ ತೆಗೆದು ಕಳಿಸಿದ್ದ. ಪೇಂಟರಿಗೆ ತೋರಿಸಿದರೆ, “ನಿಮ್ಮ ಮಾನ ಹೋಯ್ತಲ್ಲ ಮಾರಾಯ್ರೇ,” ಎಂದು ನಕ್ಕು ಚಹಾ ತರಿಸಿದರು.

ಜನವರಿಯ ಒಂದು ಶುಕ್ರವಾರ ಇನ್ನೊಂದು ಫೋಟೋ ಬಂತು. ಸುತ್ತ ಮರಳು, ಬಾನೆಟ್ ಎತ್ತಿದ ಕಾರು. ಮಾಮಾ ಅದಕ್ಕೆ ಆತು ನಿಂತಿದ್ದಾರೆ. ಒಂದು ಕೈ ಒಳಗೆ ಹೋಗಿದೆ. ಮುಖ ಸಮುದ್ರದ ಕಡೆಗಿತ್ತು. ಏನಾದರೂ ಕಾಣುತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ.

ಆ ದಿನ ಅಡುಗೆಮನೆಯಲ್ಲಿ ನಿಂತು ಅಕ್ಕ ಕಳಿಸಿದ ಪ್ಯಾಕೆಟ್ ಕತ್ತರಿಸಿ, ಹುಡಿಯನ್ನು ಆ ಡಬ್ಬಿಗೆ ಸುರಿದೆ. ಈಗ ಅದು ಒಲೆಯ ಪಕ್ಕದಲ್ಲೇ ಇರುತ್ತದೆ. ವಾರಕ್ಕೆರಡು ಸಲ ಎಣ್ಣೆಗೈಯಲ್ಲೇ ಹಿಡಿಯುತ್ತೇನೆ. ‘ಬ’ದ ಹೊಟ್ಟೆ ಆಗಲೇ ಸ್ವಲ್ಪ ಅಳಿಸಿದೆ. ಅದರ ಮೇಲೆ ನಾನು ಪೆನ್ನು ಹಿಡಿದಿಲ್ಲ.